ಒಂದು ಪುಟ್ಟ ದ್ವೀಪ, ನಾನೂರಕ್ಕೂ ಹೆಚ್ಚು ಥರದ ಸೀ ಸ್ಲಗ್: ಗುವಾಮ್ ಸಮುದ್ರದಲ್ಲಿ ಲೆಕ್ಕ ಹಾಕಿದ್ದು ಹೇಗೆ, ಯಾಕೆ

ಕೆಲವು ದಿನದಿಂದ ಒಂದು ವಿಡಿಯೋ ಎಲ್ಲರ ಫೋನಲ್ಲೂ ಓಡಾಡ್ತಾ ಇದೆ. ಬೆನ್ನ ತುಂಬ ಹಸಿರು ಎಲೆ ಹೊತ್ಕೊಂಡ ಹಾಗಿರೋ ಒಂದು ಪುಟಾಣಿ ಪ್ರಾಣಿ, ಕುರಿಮರಿ ಮುಖ, ಎರಡು ಚುಕ್ಕೆ ಕಣ್ಣು, ಕಿವಿ ಥರ ಎರಡು ಕೋಡು, ಪಾಚಿ ಮೇಲೆ ಕೂತು ಮೇಯ್ತಾ ಇರತ್ತೆ. ನಮ್ಮ ಮನೆಯವರ ಗ್ರೂಪಲ್ಲಿ ಬಂದಾಗ ಅರ್ಧ ಜನ ಇದು ಎಐ ಮಾಡಿರೋದು ಅಂದ್ರು, ಇನ್ನರ್ಧ ಜನ ಯಾವ್ದೋ ಹುಳ ಅಂದ್ರು. ಎರಡೂ ಅಲ್ಲ. ಅದು ನಿಜವಾದ ಪ್ರಾಣಿ, ಒಂದು ಸೀ ಸ್ಲಗ್, ರೂಢಿಯಲ್ಲಿ ಲೀಫ್ ಶೀಪ್ ಅಂತಾರೆ. ಜಪಾನಿನ ಕುರೋಶಿಮಾ ಅನ್ನೋ ದ್ವೀಪದ ಹೆಸರು ಸೇರಿಸಿ 1993ರಲ್ಲಿ ಅದಕ್ಕೆ ಕೋಸ್ಟಸಿಯೆಲ್ಲಾ ಕುರೋಶಿಮೆ ಅಂತ ವಿಜ್ಞಾನದ ಹೆಸರು ಕೊಟ್ರು. ಉದ್ದ ಒಂದು ಸೆಂಟಿಮೀಟರ್ ಕೂಡ ಇಲ್ಲ.

ಆಗ ಅಕ್ಕ ಒಂದು ಪ್ರಶ್ನೆ ಕೇಳಿದ್ಲು. ಇಷ್ಟು ಚೆಂದದ ಪ್ರಾಣಿ 1993ರ ತನಕ ಹೆಸರೇ ಇಲ್ದೆ ಇತ್ತು ಅಂದ್ರೆ, ಸಮುದ್ರದಲ್ಲಿ ಇಂಥವು ಇನ್ನೆಷ್ಟಿವೆ, ಯಾರು ಎಣಿಸ್ತಾರೆ, ಹೇಗೆ ಎಣಿಸ್ತಾರೆ? ತುಂಬ ಒಳ್ಳೆ ಪ್ರಶ್ನೆ ಅದು. ಉತ್ತರ ಹೇಳೋಕೆ ಇಡೀ ಸಮುದ್ರ ಹಿಡ್ಕೊಂಡ್ರೆ ಆಗಲ್ಲ, ಅದಕ್ಕೆ ಒಂದೇ ಒಂದು ದ್ವೀಪ ತಗೋತೀನಿ, ಪೆಸಿಫಿಕ್ ಸಾಗರದ ಗುವಾಮ್. ಅಲ್ಲಿ ಈ ಕೆಲಸ ಮೂವತ್ತು ವರ್ಷದ ಹತ್ರ ಹತ್ರ ನಡೆದಿದೆ, ಅದಕ್ಕೇ ಅದು ಒಳ್ಳೆ ಉದಾಹರಣೆ.

ಮೊದಲು, ಸೀ ಸ್ಲಗ್ ಅಂದ್ರೆ ಏನು

ಮಳೆಗಾಲದಲ್ಲಿ ತೋಟದಲ್ಲಿ, ಬಚ್ಚಲ ಗೋಡೆ ಮೇಲೆ ಬಸವನಹುಳು ನೋಡಿರ್ತೀರಲ್ಲ. ಬೆನ್ನ ಮೇಲೆ ಚಿಪ್ಪು, ತಲೆ ಮೇಲೆ ಬಸವಣ್ಣನ ಕೊಂಬಿನ ಹಾಗೆ ಎರಡು ಕೋಡು. ಅದೇ ಬಸವನಹುಳದ ದೊಡ್ಡ ಬಳಗದಲ್ಲಿ ಸಮುದ್ರದಲ್ಲೇ ಇದ್ದು, ಬರ್ತಾ ಬರ್ತಾ ಚಿಪ್ಪನ್ನ ಬಿಟ್ಟೋ ಇಲ್ಲಾ ಚಿಕ್ಕದು ಮಾಡ್ಕೊಂಡೋ ಬದುಕಿದ ಪ್ರಾಣಿಗಳಿಗೆ ಒಟ್ಟಾಗಿ ಸೀ ಸ್ಲಗ್ ಅಂತಾರೆ. ಹುಳ ಅಂತ ಬಾಯಿಮಾತಿಗೆ ಹೇಳ್ತೀವಿ, ಆದ್ರೆ ಇವು ಕೀಟ ಅಲ್ಲ, ಕಪ್ಪೆಚಿಪ್ಪು, ಶಂಖ, ಆಕ್ಟೋಪಸ್ ಇವೆಲ್ಲ ಇರೋ ಮೃದ್ವಂಗಿ ಗುಂಪಿಗೆ ಸೇರಿದವು.

ನನಗೆ ತುಂಬ ಆಶ್ಚರ್ಯ ಆಗಿದ್ದು ಏನಂದ್ರೆ, ಇವುಗಳಲ್ಲಿ ಬಹುಪಾಲು ಹುಟ್ಟುವಾಗ ಚಿಪ್ಪು ಇಟ್ಕೊಂಡೇ ಹುಟ್ಟತ್ತೆ. ಮೊಟ್ಟೆಯಿಂದ ಹೊರಬಂದ ಮರಿ ಕಣ್ಣಿಗೆ ಕಾಣದಷ್ಟು ಚಿಕ್ಕದು, ಮೈಮೇಲೆ ಒಂದು ಗಾಜಿನಂಥ ಪುಟ್ಟ ಚಿಪ್ಪು, ನೀರಲ್ಲಿ ತೇಲ್ತಾ ಹೋಗತ್ತೆ. ಆಮೇಲೆ ತನಗೆ ಬೇಕಾದ ಆಹಾರದ ವಾಸನೆ ಸಿಕ್ಕಿದ ಜಾಗದಲ್ಲಿ ಕೆಳಗಿಳಿದು, ಚಿಪ್ಪು ಕಳಚಿ, ಸ್ಲಗ್ ಆಗತ್ತೆ. ಸಾವಿರಾರು ಕಿಲೋಮೀಟರ್ ನೀರಿನ ಮಧ್ಯ ಇರೋ ದ್ವೀಪಕ್ಕೆ, ಗಂಟೆಗೆ ಕೆಲವು ಮೀಟರ್ ತೆವಳೋ ಪ್ರಾಣಿ ಹೇಗೆ ಬಂತು ಅನ್ನೋದಕ್ಕೆ ಉತ್ತರ ಇದೇ, ತೆವಳಿಕೊಂಡು ಬಂದಿದ್ದಲ್ಲ, ಮರಿ ಇದ್ದಾಗ ನೀರಿನ ಸೆಳೆತದಲ್ಲಿ ತೇಲಿ ಬಂದಿದ್ದು.

ಸೀ ಸ್ಲಗ್‌ಗಳಲ್ಲೇ ಹಲವು ಪಂಗಡ ಇವೆ. ಫೋಟೋಗಳಲ್ಲಿ ಜಾಸ್ತಿ ಕಾಣೋ ಬಣ್ಣಬಣ್ಣದವು ನುಡಿಬ್ರಾಂಕ್, ಅಂದ್ರೆ ಕಿವಿರು ಮೈಯಿಂದ ಹೊರಗೆ ಬರಿದಾಗಿ ಇರೋವು, ಜಗತ್ತಲ್ಲಿ ಸುಮಾರು 3000 ಥರ ಇವೆ. ಕೆಲವಕ್ಕೆ ಬೆನ್ನ ಹಿಂದೆ ಹೂವು ಅರಳಿದ ಹಾಗೆ ಕಿವಿರಿನ ಗೊಂಚಲು, ಕೆಲವಕ್ಕೆ ಬೆನ್ನ ತುಂಬ ಬೆರಳಿನಂಥ ಮೊನೆಗಳು. ಪಾಚಿಯ ರಸ ಹೀರೋ ಸ್ಯಾಕೋಗ್ಲಾಸನ್ ಇನ್ನೊಂದು ಪಂಗಡ, ಲೀಫ್ ಶೀಪ್ ಇದಕ್ಕೆ ಸೇರಿದ್ದು. ಮತ್ತೊಂದು ಸೀ ಹೇರ್, ಅಂದ್ರೆ ಸಮುದ್ರದ ಮೊಲ, ತಲೆ ಮೇಲಿನ ಕೋಡು ಮೊಲದ ಕಿವಿ ಥರ ಉದ್ದ ಇರೋದಕ್ಕೆ ಆ ಹೆಸರು. ಹಳೇ ಪುಸ್ತಕಗಳಲ್ಲಿ ಇವೆಲ್ಲಕ್ಕೂ ಒಪಿಸ್ತೋಬ್ರಾಂಕ್ ಅಂತ ಒಂದೇ ಹೆಸರಿತ್ತು, ಈಗ ವಂಶಾವಳಿ ಬೇರೆ ಥರ ಬರೀತಾರೆ, ಆದ್ರೂ ಆ ಪದ ನಿಮಗೆ ಎಲ್ಲಾದ್ರೂ ಸಿಕ್ಕಿದ್ರೆ ಇದೇ ಗುಂಪು ಅಂತ ಅರ್ಥ ಮಾಡ್ಕೊಳ್ಳಿ.

ತಲೆ ಮೇಲಿನ ಆ ಎರಡು ಕೋಡು ಇರೋದು ವಾಸನೆ ಹಿಡಿಯೋಕೆ. ಕಣ್ಣು ಹೆಸರಿಗೆ ಮಾತ್ರ, ಬೆಳಕು ಕತ್ತಲೆ ಗೊತ್ತಾಗತ್ತೆ ಅಷ್ಟೆ. ತನ್ನ ಮೈಮೇಲೆ ಅಷ್ಟು ಬಣ್ಣ ಇದೆ ಅಂತ ಅದಕ್ಕೇ ಗೊತ್ತಿರಲ್ಲ, ಆ ಬಣ್ಣ ಇರೋದು ಮೀನು ನೋಡ್ಲಿ ಅಂತ.

ಮನೆ ಇಲ್ದೆ ಬದುಕೋದು ಹೇಗೆ

ಚಿಪ್ಪು ಅಂದ್ರೆ ಮನೆ, ಬಾಗಿಲು, ಕಾವಲು ಎಲ್ಲಾ. ಅದನ್ನ ಬಿಟ್ಟ ಮೇಲೆ ಮೆತ್ತಗಿರೋ ಮೈ ಮೀನಿಗೆ ಒಂದು ತುತ್ತು. ಹಾಗಿದ್ರೂ ಮೀನು ಇವನ್ನ ಮುಟ್ಟೋದು ಕಮ್ಮಿ, ಯಾಕಂದ್ರೆ ಇವು ತಿನ್ನೋ ಆಹಾರದಿಂದಲೇ ತಮ್ಮ ರಕ್ಷಣೆ ಮಾಡ್ಕೋತವೆ.

ತುರಿಕೆ ಗಿಡ ಮುಟ್ಟಿದ್ರೆ ಕೈ ಉರಿಯತ್ತಲ್ಲ, ಆ ಗಿಡವನ್ನ ಒಬ್ಬರು ಅನ್ನದ ಜೊತೆ ಸೊಪ್ಪಿನ ಹಾಗೆ ತಿಂದು, ಅದರ ಮುಳ್ಳು ಮಾತ್ರ ಹೊಟ್ಟೇಲಿ ಜೀರ್ಣ ಆಗ್ದೆ ಸೀದಾ ಬೆನ್ನಿಗೆ ಬಂದು ನಾಟ್ಕೊಂಡು, ಮುಟ್ಟಿದವರಿಗೆ ಚುಚ್ಚೋ ಹಾಗಾದ್ರೆ ಹೇಗಿರತ್ತೆ ಅಂತ ಯೋಚ್ನೆ ಮಾಡಿ. ಬೆನ್ನ ತುಂಬ ಬೆರಳು ಇರೋ ನುಡಿಬ್ರಾಂಕ್‌ಗಳು ಹಾಗೇ ಮಾಡೋದು. ಸಮುದ್ರದ ಹೂವು, ಹೈಡ್ರಾಯ್ಡ್ ಅನ್ನೋ ಚುಚ್ಚೋ ಪ್ರಾಣಿಗಳನ್ನ ತಿಂದು, ಅವುಗಳ ಚುಚ್ಚುಕೋಶಗಳನ್ನ ಹಾಳಾಗದ ಹಾಗೆ ಬೆನ್ನ ಬೆರಳುಗಳ ತುದಿಗೆ ಸಾಗಿಸಿ ಇಟ್ಕೋತವೆ.

ಇನ್ನು ಕೆಲವು ಸ್ಪಂಜು, ಅಂದ್ರೆ ಕಲ್ಲಿಗೆ ಅಂಟ್ಕೊಂಡು ಬದುಕೋ ಒಂದು ಸಮುದ್ರಪ್ರಾಣಿ, ಅದನ್ನ ತಿಂದು ಅದರ ವಿಷ ಮೈಯಲ್ಲಿ ಕೂಡಿಸ್ಕೋತವೆ. ಗುವಾಮ್ ಇರೋ ಪೆಸಿಫಿಕ್ಕಲ್ಲೂ ನಮ್ಮ ಹಿಂದೂ ಮಹಾಸಾಗರದಲ್ಲೂ ಸಿಗೋ ಫಿಲಿಡಿಯಾ ವರಿಕೋಸಾ ಅಂತ ಒಂದಿದೆ, ಕಪ್ಪು ನೀಲಿ ಮೈಮೇಲೆ ಹಳದಿ ಉಬ್ಬುಗಳು, ಮುಟ್ಟಿದ್ರೆ ಗಟ್ಟಿ. ಹಗಲಲ್ಲೇ ಬಯಲಲ್ಲಿ ಯಾರ ಭಯ ಇಲ್ದೆ ತೆವಳ್ತಾ ಹೋಗತ್ತೆ. ಇದು ಬಿಡೋ ಲೋಳೆ ತೊಟ್ಟಿಯಲ್ಲಿರೋ ಮೀನು, ಸಿಗಡಿಗಳನ್ನ ಸಾಯಿಸತ್ತೆ ಅಂತ 1963ರಲ್ಲೇ ಬರೆದಿದ್ದಾರೆ.

ಲೀಫ್ ಶೀಪ್ ಥರದವು ಇನ್ನೂ ವಿಚಿತ್ರ. ಪಾಚಿಯ ರಸ ಹೀರುವಾಗ ಪಾಚಿ ಒಳಗಿರೋ ಹಸಿರು ಕಣ, ಅಂದ್ರೆ ಬಿಸಿಲಿಂದ ಆಹಾರ ಮಾಡೋ ಕ್ಲೋರೋಪ್ಲಾಸ್ಟ್, ಅದನ್ನ ಜೀರ್ಣ ಮಾಡ್ಕೊಳ್ದೆ ತನ್ನ ಮೈಯಲ್ಲೇ ಇಟ್ಕೊಳತ್ತೆ. ಪಕ್ಕದ ಮನೆ ಸೋಲಾರ್ ಪ್ಯಾನೆಲ್ ತಂದು ನಮ್ಮ ತಾರಸಿಗೆ ಹಾಕ್ಕೊಂಡ ಹಾಗೆ. ಕೆಲವು ಜಾತಿಗಳಲ್ಲಿ ಅದು ವಾರಗಟ್ಟಲೆ, ಕೆಲವೇ ಕೆಲವಲ್ಲಿ ತಿಂಗಳುಗಟ್ಟಲೆ ಕೆಲಸ ಮಾಡ್ತಾ ಇರತ್ತೆ. ಅದರಿಂದ ಪ್ರಾಣಿಗೆ ನಿಜವಾಗ್ಲೂ ಎಷ್ಟು ಊಟ ಸಿಗತ್ತೆ ಅನ್ನೋದು ವಿಜ್ಞಾನಿಗಳ ಮಧ್ಯ ಇನ್ನೂ ಚರ್ಚೆಯಲ್ಲಿದೆ. ಇದೇ ಪಂಗಡದ ಎಲೀಸಿಯಾ ಅನ್ನೋದು ತನ್ನ ತಲೆಯನ್ನ ತಾನೇ ಕತ್ತರಿಸ್ಕೊಂಡು, ಆ ತಲೆ ಮಾತ್ರ ಪಾಚಿ ತಿಂತಾ ಓಡಾಡ್ಕೊಂಡಿದ್ದು, ಸುಮಾರು ಮೂರು ವಾರದಲ್ಲಿ ಹೃದಯ ಸಮೇತ ಹೊಸ ಮೈ ಬೆಳೆಸ್ಕೊಂಡಿದ್ದನ್ನ ಜಪಾನಿನ ಸಂಶೋಧಕರು 2021ರಲ್ಲಿ ತೋರಿಸಿದ್ರು.

ಇಷ್ಟೆಲ್ಲ ಹೇಳಿದ್ದು ಬರೀ ಬೆರಗಿಗೆ ಅಲ್ಲ. ಮುಂದಿನ ಎಣಿಕೆ ಕೆಲಸ ಅರ್ಥ ಆಗ್ಬೇಕಾದ್ರೆ ಒಂದು ವಿಷ್ಯ ನೆನಪಲ್ಲಿ ಇಟ್ಕೊಳ್ಳಿ, ಇವುಗಳಲ್ಲಿ ಬಹಳಷ್ಟು ಒಂದೊಂದೂ ಒಂದೊಂದೇ ಆಹಾರ ತಿನ್ನತ್ತೆ. ರೇಷ್ಮೆಹುಳಕ್ಕೆ ಹಿಪ್ಪುನೇರಳೆ ಸೊಪ್ಪೇ ಆಗ್ಬೇಕು, ಬೇರೆ ಏನು ಹಾಕಿದ್ರೂ ಮುಟ್ಟಲ್ಲ, ಹಾಗೆ. ಆ ಸ್ಪಂಜು ಇಲ್ಲ ಅಂದ್ರೆ ಆ ಸ್ಲಗ್ ಇಲ್ಲ.

ಗುವಾಮ್ ಎಲ್ಲಿದೆ

ಫಿಲಿಪೀನ್ಸ್‌ನಿಂದ ಪೂರ್ವಕ್ಕೆ, ಪಶ್ಚಿಮ ಪೆಸಿಫಿಕ್ಕಲ್ಲಿ ಮರಿಯಾನಾ ಅಂತ ದ್ವೀಪಗಳ ಸಾಲಿದೆ, ಅದರ ದಕ್ಷಿಣದ ತುದಿ ಗುವಾಮ್. ವಿಸ್ತೀರ್ಣ ಸುಮಾರು 540 ಚದರ ಕಿಲೋಮೀಟರ್, ಅಂದ್ರೆ ನಮ್ಮ ಬೆಂಗಳೂರು ನಗರಕ್ಕಿಂತ ಚಿಕ್ಕದು. 2020ರ ಗಣತಿ ಪ್ರಕಾರ ಜನ ಒಂದೂವರೆ ಲಕ್ಷ. ಮೂಲ ನಿವಾಸಿಗಳು ಚಮೊರೊ ಜನ, ಅವರ ಭಾಷೆಯಲ್ಲಿ ದ್ವೀಪದ ಹೆಸರು ಗುವಾಹಾನ್. 1898ರಿಂದ ಅಮೆರಿಕದ ಕೈಯಲ್ಲಿದೆ, ದೊಡ್ಡ ಸೇನಾ ನೆಲೆಗಳಿವೆ.

ದ್ವೀಪದ ಸುತ್ತ ಹವಳದ ದಿಬ್ಬ. ಇಳಿತದ ಹೊತ್ತಲ್ಲಿ ಮೊಣಕಾಲುದ್ದ ನೀರು ಇರೋ ಬಯಲು, ಅದು ಮುಗಿದ ತಕ್ಷಣ ಕಡಿದಾದ ಇಳಿಜಾರು, ಇನ್ನೂ ದೂರ ಹೋದ್ರೆ ಜಗತ್ತಿನಲ್ಲೇ ಅತಿ ಆಳದ ಮರಿಯಾನಾ ಕಂದಕ. ಇಂಡೋನೇಷ್ಯಾ, ಫಿಲಿಪೀನ್ಸ್, ಪಪುವಾ ನ್ಯೂ ಗಿನಿ ನಡುವಿನ ಸಮುದ್ರವನ್ನ ಹವಳದ ತ್ರಿಕೋನ ಅಂತಾರೆ, ಭೂಮಿ ಮೇಲೆ ಸಮುದ್ರಜೀವಿಗಳ ವೈವಿಧ್ಯ ಅತಿ ಹೆಚ್ಚಿರೋ ಜಾಗ ಅದು. ಗುವಾಮ್ ಅದರಿಂದ ತೀರಾ ದೂರ ಇಲ್ಲ, ಅಲ್ಲಿಂದ ತೇಲೋ ಮರಿಗಳು ಇಲ್ಲಿಗೆ ತಲುಪೋ ಸಾಧ್ಯತೆ ಇದೆ. ಜೊತೆಗೆ ಒಂದು ಅನುಕೂಲ, 1970ರಲ್ಲಿ ಗುವಾಮ್ ವಿಶ್ವವಿದ್ಯಾಲಯ ಪಾಗೋ ಕೊಲ್ಲಿಯ ದಂಡೆಯಲ್ಲೇ ಒಂದು ಮರೀನ್ ಲ್ಯಾಬ್ ಶುರು ಮಾಡ್ತು. ಲ್ಯಾಬ್ ಬಾಗಿಲು ದಾಟಿದ್ರೆ ಹವಳ. ಹೀಗಾಗಿ ವರ್ಷಕ್ಕೊಮ್ಮೆ ಹಡಗಲ್ಲಿ ಬಂದು ಎರಡು ವಾರ ಹುಡುಕಿ ಹೋಗೋ ಬದ್ಲು, ಅಲ್ಲೇ ಇದ್ದು ವರ್ಷಪೂರ್ತಿ ನೋಡೋ ಜನ ಇದ್ರು.

ಹಾಗೆ ನೋಡಿದವರು ಕ್ಲೇ ಕಾರ್ಲ್‌ಸನ್ ಮತ್ತು ಪ್ಯಾಟಿ ಜೋ ಹಾಫ್. 1970ರ ದಶಕದಿಂದ ಇವರಿಬ್ಬರೂ ಗುವಾಮ್ ಸುತ್ತ ಸೀ ಸ್ಲಗ್ ದಾಖಲೆ ಮಾಡ್ತಾ ಬಂದ್ರು, 2003ರಲ್ಲಿ ಮೈಕ್ರೋನೇಸಿಕಾ ಅನ್ನೋ ಪತ್ರಿಕೆಯಲ್ಲಿ ಮರಿಯಾನಾ ದ್ವೀಪಗಳ ಪಟ್ಟಿ ಪ್ರಕಟಿಸಿದ್ರು. ಅದರಲ್ಲಿ ನಾನೂರಕ್ಕೂ ಹೆಚ್ಚು ಪ್ರಭೇದ ಇದ್ದವು, ಅದರಲ್ಲಿ ಎಷ್ಟೋ ಪ್ರಾಣಿಗಳಿಗೆ ಆಗ ವಿಜ್ಞಾನದಲ್ಲಿ ಹೆಸರೇ ಇರ್ಲಿಲ್ಲ. ಅದೇ ಸಂಚಿಕೆಯಲ್ಲಿ ಹವಳ, ಮೀನು, ಏಡಿ ಅಂತ ಬೇರೆ ಗುಂಪುಗಳ ಪಟ್ಟಿಗಳೂ ಬಂದ್ವು, ಎಲ್ಲ ಸೇರಿ ಐದು ಸಾವಿರ ದಾಟಿತ್ತು.

ಹುಡುಕೋದು ಹೇಗೆ

ಈ ಕೆಲಸಕ್ಕೆ ಯಾಕೆ ದಶಕಗಳು ಬೇಕು ಅಂತ ಕೇಳಬಹುದು. ಮೀನಿನ ಹಾಗೆ ಇವು ಕಣ್ಣೆದುರಿಗೆ ಈಜಾಡಲ್ಲ. ಎಷ್ಟೋ ಜಾತಿಗಳು ಅಕ್ಕಿಕಾಳಿನಷ್ಟು, ಜೀರಿಗೆಯಷ್ಟು. ಆಯಸ್ಸು ಬಹಳಷ್ಟಕ್ಕೆ ಒಂದು ವರ್ಷ ಕೂಡ ಇಲ್ಲ, ಕೆಲವಕ್ಕೆ ತಿಂಗಳುಗಳ ಲೆಕ್ಕ. ಈ ತಿಂಗಳು ಒಂದು ಕಲ್ಲಿನಡಿ ಇಪ್ಪತ್ತು ಇದ್ದಿದ್ದು ಮುಂದಿನ ತಿಂಗಳು ಒಂದೂ ಇಲ್ದೆ ಹೋಗಬಹುದು, ಹಾಗಂತ ಅದು ಆ ದ್ವೀಪದಲ್ಲಿ ಇಲ್ಲ ಅಂತ ಬರೆಯೋಕಾಗಲ್ಲ. ಇದೆ ಅಂತ ಸಾಬೀತು ಮಾಡೋಕೆ ಒಂದು ಸಿಕ್ಕಿದ್ರೆ ಸಾಕು, ಇಲ್ಲ ಅಂತ ಸಾಬೀತು ಮಾಡೋದು ಮಾತ್ರ ಬಹಳ ಕಷ್ಟ.

ಹುಡುಕೋ ದಾರಿಗಳು ನಾಲ್ಕಾರು ಇವೆ. ಇಳಿತದಲ್ಲಿ ಬಯಲಿಗೆ ಹೋಗಿ ಹವಳದ ಚೂರು, ಕಲ್ಲು ಒಂದೊಂದೇ ಎತ್ತಿ ಅಡಿ ಭಾಗ ನೋಡೋದು, ನೋಡಿ ಹೇಗಿತ್ತೋ ಹಾಗೇ ವಾಪಸ್ ಇಡೋದು. ಟ್ಯಾಂಕ್ ಹಾಕ್ಕೊಂಡು ಇಳಿಜಾರಲ್ಲಿ ಇಳಿಯೋದು. ಕತ್ತಲಾದ ಮೇಲೆ ಟಾರ್ಚ್ ಹಿಡ್ಕೊಂಡು ಇಳಿದ್ರೆ ಹಗಲು ಬಚ್ಚಿಟ್ಕೊಂಡಿದ್ದವು ಹೊರಗೆ ಬಂದಿರ್ತವೆ. ಸ್ಪ್ಯಾನಿಶ್ ಡ್ಯಾನ್ಸರ್ ಅಂತ ಒಂದು ಕೆಂಪು ಸ್ಲಗ್ ಇದೆ, ಗೇಣುದ್ದಕ್ಕಿಂತ ದೊಡ್ಡದಾಗಿ ಬೆಳೆಯತ್ತೆ, ಅದು ಸಿಗೋದು ಹೆಚ್ಚಾಗಿ ರಾತ್ರಿ, ಮೈಯ ಅಂಚನ್ನ ಲಂಗದ ನೆರಿಗೆ ಬೀಸಿದ ಹಾಗೆ ಬೀಸ್ತಾ ಈಜತ್ತೆ.

ಮೊಟ್ಟೆ ನೋಡಿ ಹಿಡಿಯೋದು ಇನ್ನೊಂದು ದಾರಿ. ಸೀ ಸ್ಲಗ್‌ಗಳು ಮೊಟ್ಟೆಯನ್ನ ರಿಬ್ಬನ್ ಥರ ಸುರುಳಿ ಸುತ್ತಿ ಅಂಟಿಸ್ತವೆ, ಚಕ್ಕುಲಿ ಒತ್ತಿದ ಹಾಗೆ ಬಿಳಿ, ಹಳದಿ, ಗುಲಾಬಿ ಬಣ್ಣದ ಸುರುಳಿ. ಸುರುಳಿ ಕಂಡ್ರೆ ತಾಯಿ ಅಲ್ಲೇ ಎಲ್ಲೋ ಇದೆ ಅಂತ ಅರ್ಥ. ತಾಯಿ ಅಂದೆ, ತಂದೆಯೂ ಅದೇ, ಒಂದೊಂದು ಸ್ಲಗ್ಗೂ ಗಂಡೂ ಹೌದು ಹೆಣ್ಣೂ ಹೌದು.

ಆಹಾರ ಗೊತ್ತಿದ್ರೆ ಕೆಲಸ ಸುಲಭ. ಪೋರೈಟಿಸ್ ಅನ್ನೋ ಗುಂಡಗಿನ ಹವಳ ತಿನ್ನೋ ಫೆಸ್ಟಿಲ್ಲಾ ಅಂತ ಒಂದು ಸ್ಲಗ್ ಇದೆ, ಅದರ ಮೈ ಆ ಹವಳದ ಹಾಗೇ ಕಾಣತ್ತೆ, ಕಣ್ಣಿಟ್ಟು ನೋಡಿದ್ರೂ ಗೊತ್ತಾಗಲ್ಲ. ಹವಳದ ಮೇಲೆ ತಿಂದು ಬಿಳಿಯಾದ ಕಲೆ ಹುಡುಕಬೇಕು, ಆ ಕಲೆಯ ಅಂಚಲ್ಲಿ ಅದು ಕೂತಿರತ್ತೆ.

ನನಗೆ ಎಲ್ಲಕ್ಕಿಂತ ಇಷ್ಟ ಆದ ವಿಧಾನ ಟ್ರೇ ವಿಧಾನ, ತುಂಬ ಸರಳ. ಒಂದು ಚೀಲದಷ್ಟು ಪಾಚಿ ಕಿತ್ತು ತಂದು ಬಿಳಿ ಟ್ರೇಯಲ್ಲಿ ಸಮುದ್ರದ ನೀರು ಹಾಕಿ ಅದರಲ್ಲಿ ಬಿಡಿಸಿಟ್ಟು ರಾತ್ರಿ ಪೂರ್ತಿ ಅಲುಗಾಡಿಸ್ದೆ ಬಿಡೋದು. ತಂದಾಗ ನೋಡಿದ್ರೆ ಅದು ಬರೀ ಪಾಚಿ, ಬೆರಳಿಂದ ಬಿಡಿಸಿ ಬಿಡಿಸಿ ನೋಡಿದ್ರೂ ಏನೂ ಇಲ್ಲ. ರಾತ್ರಿ ಕಳೀತಾ ನಿಂತ ನೀರಲ್ಲಿ ಆಕ್ಸಿಜನ್ ಕಮ್ಮಿ ಆಗತ್ತೆ, ಒಳಗೆ ಅಡಗಿದ್ದವಕ್ಕೆ ಉಸಿರು ಕಟ್ಟಿದ ಹಾಗಾಗಿ ಒಂದೊಂದೇ ಮೇಲಕ್ಕೆ, ಟ್ರೇ ಅಂಚಿಗೆ ತೆವಳಿ ಬರ್ತವೆ. ಬೆಳಿಗ್ಗೆ ಎದ್ದು ನೋಡಿದ್ರೆ ಬಿಳಿ ಅಂಚಿನ ಮೇಲೆ ಹಸಿರು ಚುಕ್ಕೆ, ಕಂದು ಗೆರೆ, ಲೆನ್ಸ್ ಹಿಡಿದ್ರೆ ಆ ಚುಕ್ಕೆಗೆ ಎರಡು ಕೋಡು. ಮುಳುಗಿ ನೋಡಿದ್ರೆ ಜನ್ಮದಲ್ಲಿ ಸಿಗದೇ ಇರೋ ಪುಟ್ಟ ಜಾತಿಗಳು ಹೀಗೆ ಪಟ್ಟಿಗೆ ಬರ್ತವೆ.

ಚಿಕ್ಕವರಿದ್ದಾಗ ಬೆಂಕಿಪೊಟ್ಟಣದ ಲೇಬಲ್ ಸೇರಿಸ್ತಿದ್ದಿದ್ದು ನೆನಪಿದ್ಯಾ? ಮೊದಲ ವಾರ ಸಿಕ್ಕಿದ್ದೆಲ್ಲ ಹೊಸದು, ತಿಂಗಳು ಕಳೆದ ಮೇಲೆ ಹತ್ತಕ್ಕೆ ಒಂಬತ್ತು ಇರೋದೇ. ಆಗ ಊರಲ್ಲಿರೋ ಲೇಬಲ್ ಹೆಚ್ಚುಕಮ್ಮಿ ಮುಗೀತು ಅಂತ ತಿಳೀತಿತ್ತು. ಪ್ರಭೇದಗಳ ಪಟ್ಟಿಗೂ ಇದೇ ಲೆಕ್ಕ, ಹುಡುಕಿದ ಗಂಟೆ ಎಷ್ಟು, ಹೊಸದು ಸಿಕ್ಕಿದ್ದು ಎಷ್ಟು ಅಂತ ಗೆರೆ ಎಳೀತಾರೆ, ಗೆರೆ ಚಪ್ಪಟೆ ಆಗ್ತಾ ಬಂದ್ರೆ ಪಟ್ಟಿ ಮುಗಿಯೋಕೆ ಬಂತು ಅಂತ. ಉಷ್ಣವಲಯದ ದ್ವೀಪಗಳಲ್ಲಿ ಸೀ ಸ್ಲಗ್ ವಿಷಯಕ್ಕೆ ಬಂದ್ರೆ ಆ ಗೆರೆ ಚಪ್ಪಟೆ ಆಗೋಕೆ ಬಹಳ ಕಾಲ ಹಿಡಿಯತ್ತೆ.

ಸಿಕ್ಕಿದ ಮೇಲೆ ಏನು ಮಾಡ್ತಾರೆ

ದಾಖಲೆ ಅಂದ್ರೆ ಹೆಸರು ಬರ್ಕೊಳ್ಳೋದು ಅಷ್ಟೇ ಅಲ್ಲ. ಯಾವ ದಿನ, ಯಾವ ಜಾಗ, ಎಷ್ಟು ಆಳ, ಯಾವುದರ ಮೇಲೆ ಕೂತಿತ್ತು, ಎಷ್ಟು ಮಿಲಿಮೀಟರ್, ಇದೆಲ್ಲ ಬೇಕು. ಮತ್ತೆ ಜೀವ ಇದ್ದಾಗಲೇ ಫೋಟೋ ತೆಗೀಬೇಕು, ಇದು ಕಡ್ಡಾಯ ಅನ್ನೋಷ್ಟು ಮುಖ್ಯ.

ಯಾಕಂದ್ರೆ ಮಾವಿನಮಿಡಿ ಉಪ್ಪಲ್ಲಿ ಹಾಕಿಟ್ಟಾಗ ಏನಾಗತ್ತೆ ನೋಡಿ. ಹಾಕುವಾಗ ಎಳೆ ಹಸಿರು, ತೊಟ್ಟಿನ ಹತ್ರ ಸ್ವಲ್ಪ ಕೆಂಪು, ಎರಡು ತಿಂಗಳು ಬಿಟ್ಟು ಭರಣಿ ತೆಗೆದ್ರೆ ಎಲ್ಲಾ ಒಂದೇ ಕಂದು, ಸುಕ್ಕು ಬೇರೆ. ಸ್ಲಗ್ಗನ್ನ ಆಲ್ಕೋಹಾಲಲ್ಲಿ ಹಾಕಿದ್ರೂ ಅದೇ ಕತೆ, ನೀಲಿ ಹೋಗತ್ತೆ, ಕಿತ್ತಳೆ ಹೋಗತ್ತೆ, ಉಳಿಯೋದು ಒಂದು ಮಾಸಲು ಮುದ್ದೆ. ಹಿಂದಿನ ಕಾಲದಲ್ಲಿ ಹಡಗಲ್ಲಿ ಬಂದವರು ಸಿಕ್ಕಿದ್ದನ್ನ ಸೀಸೆಗೆ ಹಾಕಿ ಯುರೋಪಿಗೆ ಕಳಿಸ್ತಿದ್ರು, ಅಲ್ಲಿ ಕೂತವರು ಆ ಮುದ್ದೆ ನೋಡಿ ವಿವರಣೆ ಬರೆದು ಹೆಸರು ಕೊಟ್ರು. ಈಗ ಕಣ್ಣೆದುರು ನೀಲಿ ಪಟ್ಟೆ ಇರೋ ಸ್ಲಗ್ ಇದ್ರೆ ಅದು ಆ ಹಳೇ ಹೆಸರಿನದ್ದಾ ಅಲ್ವಾ ಅಂತ ತಿಳ್ಕೊಳ್ಳೋದೇ ದೊಡ್ಡ ಕೆಲಸ. ನೀರೊಳಗಿನ ಕಲರ್ ಫೋಟೋ ಬಂದ ಮೇಲೆ ಈ ಶಾಸ್ತ್ರದ ದಿಕ್ಕೇ ಬದಲಾಗಿದ್ದು ಇದಕ್ಕೇ.

ಹೊಸ ಪ್ರಭೇದ ಅನ್ಸಿದ್ರೆ ಫೋಟೋ ಒಂದೇ ಸಾಲಲ್ಲ. ಕೆಲವನ್ನ ಸಂಗ್ರಹಿಸಬೇಕು. ಮೊದಲು ಮೆಗ್ನೀಸಿಯಂ ಕ್ಲೋರೈಡ್ ಬೆರೆಸಿದ ನೀರಲ್ಲಿ ಮರಗಟ್ಟೋ ಹಾಗೆ ಮಾಡ್ತಾರೆ, ಇಲ್ದಿದ್ರೆ ಮೈ ಮುದುರ್ಕೊಂಡು ಒಳಗಿನ ಅಂಗ ನೋಡೋಕೆ ಆಗಲ್ಲ. ಆಮೇಲೆ ಆಲ್ಕೋಹಾಲಲ್ಲಿ ಇಡ್ತಾರೆ. ಮೈಕ್ರೋಸ್ಕೋಪ್ ಕೆಳಗೆ ಎರಡು ವಿಷಯ ಮುಖ್ಯವಾಗಿ ನೋಡ್ತಾರೆ. ಒಂದು ರಾಡ್ಯುಲಾ, ಅಂದ್ರೆ ನಾಲಿಗೆ ಮೇಲೆ ಸಾಲು ಸಾಲು ಹಲ್ಲು, ನಮ್ಮ ಕಾಯಿ ತುರಿಯೋ ತುರಿಮಣೆ ಹಲ್ಲನ್ನ ಒಂದು ಪಟ್ಟಿ ಮೇಲೆ ನೂರಾರು ಕೂರಿಸಿದ ಹಾಗೆ. ಯಾವ ಆಹಾರ ತಿನ್ನತ್ತೋ ಅದಕ್ಕೆ ತಕ್ಕ ಹಲ್ಲು, ಅದಕ್ಕೆ ಜಾತಿ ಗುರುತಿಸೋಕೆ ಅನುಕೂಲ. ಇನ್ನೊಂದು ಸಂತಾನದ ಅಂಗಗಳ ಜೋಡಣೆ.

ಹೀಗೆ ವಿವರಿಸಿದ ಒಂದು ಪ್ರಾಣಿಯನ್ನ ಹೋಲೋಟೈಪ್ ಅಂತ ಗುರುತು ಹಾಕಿ ಮ್ಯೂಸಿಯಮ್ಮಲ್ಲಿ ಶಾಶ್ವತವಾಗಿ ಇಡ್ತಾರೆ. ಅಂಗಡಿ ತೂಕದ ಕಲ್ಲು ಸರಿ ಇದ್ಯಾ ಅಂತ ಇಲಾಖೆಯವರು ತಮ್ಮ ಹತ್ರ ಇರೋ ಮೂಲ ಕಲ್ಲಿಗೆ ಹೋಲಿಸಿ ನೋಡ್ತಾರಲ್ಲ, ಅದೇ ಥರ, ಮುಂದೆ ಯಾರಿಗೇ ಅನುಮಾನ ಬಂದ್ರೂ ಆ ಒಂದು ಪ್ರಾಣಿಗೆ ಹೋಲಿಸಿ ನೋಡಬೇಕು.

ಹೆಸರಿಗೆ ಎರಡು ಭಾಗ, 1758ರಿಂದ ಪ್ರಾಣಿಗಳಿಗೆ ಇದೇ ಪದ್ಧತಿ. ಮೊದಲನೇದು ಮನೆತನದ ಹೆಸರಿದ್ದ ಹಾಗೆ, ಎರಡನೇದು ಅವರವರ ಹೆಸರು. ಕಾರ್ಲ್‌ಸನ್ ಮತ್ತು ಹಾಫ್ 1993ರಲ್ಲಿ ಹ್ಯಾಲ್ಗರ್ಡಾ ಅನ್ನೋ ಮನೆತನಕ್ಕೆ ಸೇರಿದ ಹೊಸ ಪ್ರಭೇದಗಳನ್ನ ವಿವರಿಸಿದ್ರು, ಅದರಲ್ಲಿ ಒಂದಕ್ಕೆ ಹ್ಯಾಲ್ಗರ್ಡಾ ಗುವಾಹಾನ್ ಅಂತ ಚಮೊರೊ ಭಾಷೆಯ ದ್ವೀಪದ ಹೆಸರನ್ನೇ ಇಟ್ರು, ಇನ್ನೊಂದಕ್ಕೆ ಹ್ಯಾಲ್ಗರ್ಡಾ ಮಲೆಸೊ, ಮಲೆಸೊ ಅಂದ್ರೆ ಗುವಾಮಿನ ದಕ್ಷಿಣ ತುದಿಯ ಊರು. ಆ ಪ್ರಾಣಿ ಸಮುದ್ರದಲ್ಲಿ ಇರೋತನಕ ಆ ಊರಿನ ಹೆಸರೂ ಇರತ್ತೆ ಅಂದ್ರೆ ನನಗೆ ಮನಸ್ಸು ತುಂಬಿ ಬರತ್ತೆ. ಎರಡು ವರ್ಷ ಆದ ಮೇಲೆ ಕ್ಯಾಲಿಫೋರ್ನಿಯಾದ ಸೀ ಸ್ಲಗ್ ತಜ್ಞ ಟೆರೆನ್ಸ್ ಗಾಸ್ಲಿನರ್ ಅವರು ತೂರಿಡಿಲ್ಲಾ ಕಾರ್ಲ್‌ಸನೈ, ತೂರಿಡಿಲ್ಲಾ ಹಾಫೆ ಅಂತ ಎರಡು ಪ್ರಭೇದಗಳಿಗೆ ಇವರಿಬ್ಬರ ಹೆಸರನ್ನೇ ಕೊಟ್ರು. ತಮ್ಮ ಹೆಸರನ್ನ ತಾವೇ ಇಟ್ಕೊಳ್ಳೋ ಪದ್ಧತಿ ಈ ಶಾಸ್ತ್ರದಲ್ಲಿ ಇಲ್ಲ, ಬೇರೆಯವರು ಗೌರವಕ್ಕೆ ಇಡಬೇಕು.

ಕಣ್ಣಿಗೆ ಒಂದೇ, ಒಳಗೆ ಬೇರೆ

ಈಗ ಡಿಎನ್‌ಎ ಬಂದಿದೆ. ಪ್ರಾಣಿಯ ಚೂರು ಮಾಂಸದಿಂದ ಸಿಓಐ ಅನ್ನೋ ಒಂದು ಜೀನಿನ ಸುಮಾರು 650 ಅಕ್ಷರ ಓದಿ ಬೇರೆಯವಕ್ಕೆ ಹೋಲಿಸ್ತಾರೆ, ಅಂಗಡಿ ಸಾಮಾನಿನ ಬಾರ್‌ಕೋಡ್ ಥರ, ಹೆಸರೂ ಡಿಎನ್‌ಎ ಬಾರ್‌ಕೋಡ್ ಅಂತಲೇ. ಇದರಿಂದ ಹಳೇ ಪಟ್ಟಿಗಳೆಲ್ಲ ಮತ್ತೆ ತಿದ್ದೋ ಹಾಗಾಗಿದೆ. ಕ್ರೋಮೋಡೋರಿಸ್ ಅಂತ ಕಪ್ಪು, ನೀಲಿ, ಹಳದಿ ಪಟ್ಟೆಗಳ ಸ್ಲಗ್‌ಗಳಿವೆ, ಎಲ್ಲವೂ ಕಹಿ, ವಿಷ. ಪಟ್ಟೆ ಹೀಗಿದ್ರೆ ಕಹಿ ಅಂತ ಮೀನು ಒಂದ್ಸಲ ಕಲಿತ್ರೆ ಆ ಪಟ್ಟೆ ಇರೋ ಎಲ್ಲದಕ್ಕೂ ಲಾಭ, ಹಾಗಾಗಿ ಬೇರೆ ಬೇರೆ ಪ್ರಭೇದಗಳು ಒಂದೇ ಸಮವಸ್ತ್ರ ಹಾಕ್ಕೊಂಡ ಹಾಗೆ ಒಂದೇ ಥರ ಕಾಣ್ತವೆ. ಅದೇ ಹೊತ್ತಿಗೆ ಒಂದೇ ಪ್ರಭೇದ ಜಾಗದಿಂದ ಜಾಗಕ್ಕೆ ಬೇರೆ ಪಟ್ಟೆ ಹಾಕ್ಕೊಂಡಿರತ್ತೆ. 2018ರಲ್ಲಿ ಬಂದ ಒಂದು ಅಧ್ಯಯನ ಇದನ್ನ ಡಿಎನ್‌ಎ ಇಟ್ಕೊಂಡು ತೋರಿಸಿತು. ಅಂದ್ರೆ ಫೋಟೋ ನೋಡಿ ಮೂರು ಅಂದ್ಕೊಂಡಿದ್ದು ಒಂದೇ ಇರಬಹುದು, ಒಂದೇ ಅಂದ್ಕೊಂಡಿದ್ದು ಮೂರು ಇರಬಹುದು.

ಅದಕ್ಕೇ ಪಟ್ಟಿಯಲ್ಲಿರೋ ಸಂಖ್ಯೆ ಕಲ್ಲಲ್ಲಿ ಕೆತ್ತಿದ್ದಲ್ಲ, ತಿದ್ದುಪಡಿ ಆಗ್ತಾ ಇರತ್ತೆ. ಹಳೇ ಫೋಟೋ, ಹಳೇ ಸೀಸೆ ಎರಡನ್ನೂ ಜೋಪಾನ ಮಾಡಿದ್ರೆ ಮಾತ್ರ ಆ ತಿದ್ದುಪಡಿ ಸಾಧ್ಯ.

ಈ ಪಟ್ಟಿಯಿಂದ ಯಾರಿಗೆ ಏನು

ಒಂದು ಔಷಧಿ ಕತೆ ಹೇಳ್ತೀನಿ, ಇದು ಗುವಾಮಿಗೂ ಸಂಬಂಧ ಇರೋದು. ಡೊಲಬೆಲ್ಲಾ ಅಂತ ಒಂದು ದೊಡ್ಡ ಸೀ ಹೇರ್ ಇದೆ, ನೋಡೋಕೆ ಪಾಚಿ ಹಿಡಿದ ಕಲ್ಲಿನ ಹಾಗೆ, ಯಾರೂ ಫೋಟೋ ತೆಗೆಯಲ್ಲ. ಅದರಿಂದ ಡೊಲಾಸ್ಟಾಟಿನ್ 10 ಅನ್ನೋ ವಸ್ತು ತೆಗೆದಿದ್ದನ್ನ 1987ರಲ್ಲಿ ಪ್ರಕಟಿಸಿದ್ರು, ಕ್ಯಾನ್ಸರ್ ಕೋಶ ಒಡೆದು ಎರಡಾಗೋದನ್ನ ತಡೆಯೋ ಶಕ್ತಿ ಇತ್ತು. ಅದೇ ಮಾದರಿ ಇಟ್ಕೊಂಡು ಲ್ಯಾಬಲ್ಲಿ ಮಾಡಿದ ಒಂದು ವಸ್ತು ಸೇರಿರೋ ಬ್ರೆಂಟುಕ್ಸಿಮ್ಯಾಬ್ ವೆಡೋಟಿನ್ ಅನ್ನೋ ಔಷಧಿಗೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು, ಹಾಡ್ಜ್‌ಕಿನ್ ಲಿಂಫೋಮಾ ಅನ್ನೋ ಕ್ಯಾನ್ಸರಿಗೆ ಕೊಡ್ತಾರೆ. ಆದ್ರೆ ಸ್ಲಗ್ಗಲ್ಲಿ ಆ ವಸ್ತು ಇದ್ದಿದ್ದು ತೀರಾ ತೀರಾ ಸ್ವಲ್ಪ. ಅದು ಎಲ್ಲಿಂದ ಬಂತು? ಸ್ಲಗ್ ಮೇಯೋ ಆಹಾರದಿಂದ. 1998ರಲ್ಲಿ ಗುವಾಮಲ್ಲಿ ಸಂಗ್ರಹಿಸಿದ ಸಿಂಪ್ಲೋಕಾ ಅನ್ನೋ ನೀಲಿಹಸಿರು ಬ್ಯಾಕ್ಟೀರಿಯಾದಲ್ಲಿ ಅದರ ಹತ್ತಿರದ ತಮ್ಮನಂಥ ವಸ್ತು ಸಿಕ್ತು, 2001ರಲ್ಲಿ ಪಲಾವ್ ದ್ವೀಪದ ಸಿಂಪ್ಲೋಕಾದಲ್ಲಿ ಡೊಲಾಸ್ಟಾಟಿನ್ 10 ಅನ್ನೇ ಕಂಡುಹಿಡಿದ್ರು. ಯಾವ ಸ್ಲಗ್, ಯಾವುದರ ಮೇಲೆ ಕೂತಿತ್ತು ಅಂತ ಬರೆದಿಡೋದು ಯಾಕೆ ಅಂತ ಯಾರಾದ್ರೂ ಕೇಳಿದ್ರೆ ನಾನು ಇದನ್ನೇ ಹೇಳ್ತೀನಿ. ಸೀ ಹೇರ್‌ಗಳಿಂದ ಇನ್ನೊಂದು ಉಪಕಾರವೂ ಆಗಿದೆ, ಅಪ್ಲೀಸಿಯಾ ಅನ್ನೋದರ ನರಕೋಶಗಳು ದೊಡ್ಡವು, ಒಟ್ಟು ಸುಮಾರು 20,000 ಅಷ್ಟೇ, ಅದನ್ನ ಇಟ್ಕೊಂಡು ನೆನಪು ಅನ್ನೋದು ಹೇಗೆ ಕೂರತ್ತೆ ಅಂತ ತೋರಿಸಿದ ಎರಿಕ್ ಕ್ಯಾಂಡೆಲ್ ಅವರಿಗೆ 2000ದಲ್ಲಿ ನೊಬೆಲ್ ಬಂತು.

ಎರಡನೇದು ಸಮುದ್ರದ ಬಿಸಿ. ಸ್ಲಗ್ ಆಯಸ್ಸು ಕಮ್ಮಿ, ಆಹಾರ ಒಂದೇ, ಮರಿ ತೇಲ್ಕೊಂಡು ದೂರ ಹೋಗತ್ತೆ, ಹಾಗಾಗಿ ನೀರು ಬದಲಾದ್ರೆ ಇವು ಬೇಗ ತೋರಿಸ್ತವೆ. ಕ್ಯಾಲಿಫೋರ್ನಿಯಾದ ದಕ್ಷಿಣದಲ್ಲಿ ಸಾಮಾನ್ಯವಾಗಿದ್ದ ಓಕೀನಿಯಾ ರೋಸೇಶಿಯಾ ಅನ್ನೋ ಗುಲಾಬಿ ಬಣ್ಣದ ಸ್ಲಗ್ 2015ರಲ್ಲಿ ಉತ್ತರದ ತೀರಗಳಲ್ಲಿ ರಾಶಿ ರಾಶಿ ಕಾಣಿಸ್ಕೊಳ್ತು, ಅದು ನೀರು ಬಿಸಿಯಾಗಿದ್ದ ವರ್ಷ. ಇದು ಅಸಹಜ ಅಂತ ಗೊತ್ತಾಗಿದ್ದೇ ಹಿಂದಿನವರು ಎಲ್ಲಿ ಏನಿತ್ತು ಅಂತ ಬರೆದಿಟ್ಟಿದ್ರಿಂದ.

ಗುವಾಮಲ್ಲಿ 2013, 2014, 2016, 2017ರಲ್ಲಿ ಮತ್ತೆ ಮತ್ತೆ ಹವಳ ಬಿಳಿಚಿಕೊಂಡು ಬಹಳಷ್ಟು ಸತ್ತಿದೆ. ನೀರು ವಾಡಿಕೆಗಿಂತ ಬಿಸಿಯಾದಾಗ ಹವಳದ ಒಳಗಿದ್ದು ಊಟ ಕೊಡೋ ಪಾಚಿ ಹೊರಟು ಹೋಗತ್ತೆ, ಆಗ ಹವಳ ಬಿಳಿ ಆಗೋದು, ಪಾಚಿ ವಾಪಸ್ ಬರ್ಲಿಲ್ಲ ಅಂದ್ರೆ ಸಾಯತ್ತೆ. ಹವಳ ಸತ್ರೆ ಹವಳ ತಿನ್ನೋ ಫೆಸ್ಟಿಲ್ಲಾಗೆ ಊಟ ಇಲ್ಲ, ಅದೇ ಹೊತ್ತಿಗೆ ಸತ್ತ ಹವಳದ ಮೇಲೆ ಪಾಚಿ ಬೆಳೆದು ಪಾಚಿ ತಿನ್ನೋವಕ್ಕೆ ಸುಗ್ಗಿ. ಯಾವುದು ಹೋಯ್ತು, ಯಾವುದು ಹೆಚ್ಚಾಯ್ತು ಅಂತ ಕೇಳೋಕೆ ಮೊದಲು ಏನಿತ್ತು ಅಂತ ಗೊತ್ತಿರಬೇಕಲ್ಲ, 2003ರ ಪಟ್ಟಿ ಆ ಬಿಳಿಚಿಕೆಗಳಿಗಿಂತ ಹತ್ತು ವರ್ಷ ಹಿಂದಿನದ್ದು, ಅದಕ್ಕೇ ಈಗ ಅದರ ಬೆಲೆ ಜಾಸ್ತಿ.

ನಮ್ಮ ಕಡೆ ಕಂಡ್ರೆ

ಹೋದ ಡಿಸೆಂಬರಲ್ಲಿ ಉಡುಪಿ ಕಡೆ ಬಂಡೆ ಇರೋ ತೀರಕ್ಕೆ ಇಳಿತದ ಹೊತ್ತಲ್ಲಿ ಹೋಗಿದ್ವಿ. ಬಂಡೆ ನಡುವಿನ ಗುಂಡಿಯಲ್ಲಿ ಅಂಗೈಯಷ್ಟು ಕಂದು ಬಣ್ಣದ ಮುದ್ದೆ, ಅಣ್ಣನ ಮಗ ಕಡ್ಡಿ ಹಿಡ್ಕೊಂಡು ಮೆಲ್ಲಗೆ ಮುಟ್ಟಿದ, ತಕ್ಷಣ ನೀರೆಲ್ಲ ಬೀಟ್‌ರೂಟ್ ತೊಳೆದ ಹಾಗೆ ನೇರಳೆ. ಮಗು ಹೆದರಿ ಹಿಂದೆ ಸರಿದ. ಅದು ಸೀ ಹೇರ್, ಕೆಂಪು ಪಾಚಿ ತಿಂದು ಅದರ ಬಣ್ಣ ಕೂಡಿಟ್ಕೊಂಡಿರತ್ತೆ, ಭಯ ಆದಾಗ ಬಿಡತ್ತೆ. ಐದು ನಿಮಿಷ ಸುಮ್ನೆ ಕೂತ್ವಿ, ನೀರು ತಿಳಿಯಾಯ್ತು, ಮುದ್ದೆಯ ಒಂದು ತುದಿಯಿಂದ ಎರಡು ಕೋಡು ಎದ್ದು ಆ ಕಡೆ ಈ ಕಡೆ ವಾಸನೆ ನೋಡಿ ಪಾಚಿ ಕಡೆ ಹೊರಟಿತು. ಅವತ್ತು ಫೋಟೋ ತೆಗೆದೆ, ಆದ್ರೆ ಪಕ್ಕದಲ್ಲಿ ಅಳತೆಗೆ ಏನೂ ಇಡ್ಲಿಲ್ಲ, ತಳಭಾಗದ ಪಾಚಿ ಯಾವ್ದು ಅಂತ ನೋಡ್ಲಿಲ್ಲ, ಮೊಟ್ಟೆ ಇತ್ತಾ ಅಂತಾನೂ ನೋಡ್ಲಿಲ್ಲ, ಈಗ ಆ ಫೋಟೋ ಇಟ್ಕೊಂಡು ಯಾವ ಪ್ರಭೇದ ಅಂತ ಖಚಿತವಾಗಿ ಹೇಳೋಕಾಗ್ತಿಲ್ಲ.

ಹಾಗಾಗಿ ನೀವು ನೇತ್ರಾಣಿಗೆ ಡೈವಿಂಗ್ ಹೋದಾಗಲೋ, ತೀರದ ಬಂಡೆಗಳ ಹತ್ರ ಹೋದಾಗಲೋ ಇಂಥದ್ದು ಕಂಡ್ರೆ ಕೈಯಿಂದ ಮುಟ್ಟಬೇಡಿ, ಎತ್ತಬೇಡಿ. ಮೇಲಿಂದ ಒಂದು ಫೋಟೋ, ಪಕ್ಕದಿಂದ ಒಂದು, ತಲೆ ಕೋಡು ಮತ್ತೆ ಕಿವಿರು ಕಾಣೋ ಹಾಗೆ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವೋ ಬೆರಳೋ ಇಟ್ಟು ಅಳತೆ ಗೊತ್ತಾಗೋ ಹಾಗೆ ಇನ್ನೊಂದು. ಕೂತಿರೋ ಪಾಚಿ ಅಥವಾ ಸ್ಪಂಜಿನದ್ದೂ ಬೇಕು. ದಿನ, ಜಾಗ, ಆಳ ಬರ್ಕೊಳ್ಳಿ, ಐನ್ಯಾಚುರಲಿಸ್ಟ್ ಥರದ ಆ್ಯಪಲ್ಲಿ ಹಾಕಿದ್ರೆ ಗೊತ್ತಿರೋವ್ರು ನೋಡಿ ಹೆಸರು ಹೇಳ್ತಾರೆ. ಕಲ್ಲು ಎತ್ತಿ ನೋಡಿದ್ರೆ ಯಾವ ಮಗ್ಗುಲಿತ್ತೋ ಅದೇ ಮಗ್ಗುಲಿಗೆ ವಾಪಸ್ ಇಡಿ, ಅಡಿಯಲ್ಲಿ ಮೊಟ್ಟೆ ಸುರುಳಿ ಇದ್ರೆ ಬಿಸಿಲಿಗೆ ಒಣಗಿ ಹೋಗತ್ತೆ.